ಪೂರ್ತಿ ಬೇಸಿಗೆ ಕೊಡಿ, ಇಲ್ಲವೇ ಪೂರ್ತಿ ಚಳಿಗಾಲ

ಇಂಗ್ಲೆಂಡಿನಲ್ಲಿ ಆಮೆ ಮರಿ ಸಾಕಿಕೊಂಡಿರುವ ಕನ್ನಡ ಮನೆಗಳವರೆಲ್ಲರಿಗೂ,



ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮಾರನೆಯ ದಿನದಿಂದ ಮಕ್ಕಳು ಶಾಲೆ ಮುಗಿಸಿ ಮನೆ ಸೇರುವ ಹೊತ್ತಿಗೇ ಬೆಳಕು ಸೋತಿರುತ್ತದೆ. ಅದೇ ವಾರದಿಂದ ನನಗೆ ಫೋನುಗಳು ಶುರುವಾಗುತ್ತವೆ. "ಅಕ್ಕಾ, ನಮ್ಮ ಆಮೆ ಎರಡು ದಿನದಿಂದ ಏನೂ ತಿಂತಾ ಇಲ್ಲ. ಮೂಲೆಯಲ್ಲಿ ಮುದುಡಿಕೊಂಡು ಕೂತಿದೆ. ಹೈಬರ್ನೇಷನ್ ಶುರುವಾಯ್ತಾ? ಹಾಗೇ ಬಿಟ್ಟುಬಿಡೋಣ್ವಾ?" ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ಒಬ್ಬೊಬ್ಬರಿಗೇ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಈ ಪ್ರಶ್ನೆಗೆ ತಪ್ಪು ಉತ್ತರ ಸಿಕ್ಕ ಮನೆಗಳಲ್ಲಿ ಎಷ್ಟೋ ಮರಿಗಳು ಮುಂದಿನ ವಸಂತವನ್ನು ನೋಡುವುದಿಲ್ಲ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ಆಮೆ ಮರಿಗೆ ಇರುವುದು ಎರಡೇ ದಾರಿ. ಒಂದೋ ನೀವು ದೀಪ ಹಚ್ಚಿ, ಕಾವು ಕೊಟ್ಟು, ಅದಕ್ಕೆ ಇನ್ನೂ ಬೇಸಿಗೆಯೇ ನಡೆದಿದೆ ಅನ್ನಿಸುವಂತೆ ಎಚ್ಚರವಾಗಿಡಬೇಕು. ಇಲ್ಲವೇ ತಯಾರಿ ಮಾಡಿ, ಅಳೆದು ತೂಗಿ, ಸುಮಾರು 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಢವಾಗಿ ಮಲಗಿಸಬೇಕು. ಇವೆರಡರ ನಡುವೆ 10ರಿಂದ 18 ಡಿಗ್ರಿಯ ಒಂದು ಪಟ್ಟಿಯಿದೆ. ಅಲ್ಲಿ ಆಮೆ ಮಲಗುವುದೂ ಇಲ್ಲ, ಬದುಕುವುದೂ ಇಲ್ಲ. ನಮ್ಮಲ್ಲಿ ಹೆಚ್ಚಿನವರ ಮನೆಯ ಕೋಣೆಗಳು ನವೆಂಬರಿನಿಂದ ಮಾರ್ಚಿನವರೆಗೆ ರಾತ್ರಿ ಹೊತ್ತು ಇರುವುದು ಸರಿಯಾಗಿ ಆ ಪಟ್ಟಿಯಲ್ಲೇ. ಹೀಟಿಂಗ್ ಬಿಲ್ಲಿಗೆ ಹೆದರಿ ಹತ್ತು ಗಂಟೆಗೆ ಬಾಯ್ಲರ್ ಆರಿಸುತ್ತೇವೆ, ಎರಡು ಹೊದಿಕೆ ಹೊದ್ದು ಮಲಗುತ್ತೇವೆ. ನಮ್ಮ ಮೈಯೊಳಗೆ ಒಲೆಯಿದೆ. ಆಮೆಯ ಮೈಯೊಳಗೆ ಅದಿಲ್ಲ. ಕಂಬಳಿ ಸುತ್ತಿದರೂ ಅದು ಬೆಚ್ಚಗಾಗುವುದಿಲ್ಲ, ಏಕೆಂದರೆ ಕಂಬಳಿ ಹಿಡಿದಿಡಲು ಒಳಗಿನಿಂದ ಕಾವೇ ಬರುವುದಿಲ್ಲ.

ಆಮೆಯ ಹೊಟ್ಟೆಯಲ್ಲಿ ಆಗ ಏನಾಗುತ್ತದೆ ಎಂಬುದು ಇಲ್ಲಿ ಇಡ್ಲಿ ಮಾಡುವ ಪ್ರತಿಯೊಬ್ಬರಿಗೂ ಗೊತ್ತು. ಡಿಸೆಂಬರಿನಲ್ಲಿ ಹಿಟ್ಟು ರುಬ್ಬಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ಬೆಳಗಾದರೂ ಉಬ್ಬುವುದಿಲ್ಲ, ಓವನ್ನಿನ ದೀಪ ಹಾಕಿ ಅದರೊಳಗೆ ಇಡಬೇಕು. ಆಮೆ ತಿಂದ ಸೊಪ್ಪು ಜೀರ್ಣವಾಗುವುದೂ ಹೀಗೆಯೇ, ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಬೇಕು. ಕಾವಿಲ್ಲದಿದ್ದರೆ ಆ ಕೆಲಸ ನಿಲ್ಲುತ್ತದೆ, ಸೊಪ್ಪು ಕರುಳಿನಲ್ಲೇ ಕೊಳೆಯುತ್ತದೆ. ಇತ್ತ ಹಸಿವು ಸತ್ತಿರುತ್ತದೆ, ಅತ್ತ ಉಸಿರಾಟ, ಹೃದಯಬಡಿತ, ಅಲ್ಪಸ್ವಲ್ಪ ಓಡಾಟ ನಡೆದೇ ಇರುವುದರಿಂದ ಮೈಯಲ್ಲಿ ಕೂಡಿಟ್ಟ ಕೊಬ್ಬು, ನೀರು ದಿನದಿನವೂ ಕರಗುತ್ತವೆ. ರೋಗನಿರೋಧಕ ಶಕ್ತಿಗೂ ಕಾವು ಬೇಕು, ಅದೂ ಕುಗ್ಗುತ್ತದೆ. ಗಟ್ಟಿಚಿಪ್ಪಿನ ಪ್ರಾಣಿ, ತಡೆದುಕೊಳ್ಳುತ್ತದೆ ಎಂದುಕೊಳ್ಳುತ್ತೇವೆ. ಮೊಟ್ಟೆಯೊಡೆದು ಬರುವ ಹರ್ಮನ್ ಆಮೆಯ ಮರಿ ಹತ್ತು ಹನ್ನೆರಡು ಗ್ರಾಂ ತೂಗುತ್ತದೆ. ಮೊದಲ ಶರತ್ಕಾಲದ ಹೊತ್ತಿಗೂ ಅದು ಮುಷ್ಟಿಯೊಳಗೆ ಅಡಗುವಷ್ಟೇ. ಅಷ್ಟು ಸಣ್ಣ ದೇಹ ಬೇಗ ತಣ್ಣಗಾಗುತ್ತದೆ, ಬೇಗ ಒಣಗುತ್ತದೆ, ಅದರ ಉಳಿತಾಯವೂ ಬೇಗ ಮುಗಿಯುತ್ತದೆ.

ಒಂದು ಮನೆಯ ವಿಷಯ ಹೇಳಲೇಬೇಕು. ಮಗನ ಹುಟ್ಟುಹಬ್ಬಕ್ಕೆ ಮರಿ ತಂದಿದ್ದರು. ಮಾರಿದ ಅಂಗಡಿಯವರು "ಚಳಿಗಾಲದಲ್ಲಿ ತಾನಾಗಿಯೇ ಮಲಗುತ್ತದೆ, ತೊಂದರೆ ಕೊಡಬೇಡಿ" ಎಂದು ಹೇಳಿ ಕಳಿಸಿದ್ದರಂತೆ. ಗಾಜಿನ ತೊಟ್ಟಿಯನ್ನು ಹುಡುಗನ ಕೋಣೆಯ ಕಿಟಕಿಯ ಬಳಿ ಇಟ್ಟಿದ್ದರು. ಮರಿ ಮಂಕಾಯಿತು, ಮಲಗಿದೆ ಎಂದುಕೊಂಡರು. ಆಗಾಗ ಕಣ್ಣು ಬಿಡುತ್ತಿತ್ತು, ಎರಡು ಹೆಜ್ಜೆ ಇಡುತ್ತಿತ್ತು, ಮತ್ತೆ ಕೂರುತ್ತಿತ್ತು. ಜನವರಿಯಲ್ಲಿ ನನ್ನ ಕೈಗಿತ್ತಾಗ ಕಣ್ಣುಗಳು ಊದಿ ಮುಚ್ಚಿದ್ದವು, ಮೂಗಿನಲ್ಲಿ ಗುಳ್ಳೆ ಬರುತ್ತಿತ್ತು, ಚಿಪ್ಪಿನೊಳಗೆ ಏನೂ ಇಲ್ಲವೇನೋ ಎಂಬಷ್ಟು ಹಗುರವಿತ್ತು. ವೈದ್ಯರು ಪ್ರಯತ್ನಪಟ್ಟರು, ಉಳಿಯಲಿಲ್ಲ. ಆ ಮನೆಯವರು ಒಂದು ದಿನವೂ ಅದನ್ನು ನಿರ್ಲಕ್ಷಿಸಿದವರಲ್ಲ, ಯಾರೋ ಹೇಳಿದ ಅರ್ಧ ಮಾತನ್ನು ನಂಬಿದ್ದರು ಅಷ್ಟೆ. ಆ ಹುಡುಗನ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಹಾಗಾಗಿ ಮೊದಲ ಕೆಲಸ, ನಿಮ್ಮ ಆಮೆ ಯಾವ ಜಾತಿಯದು ಎಂದು ಖಚಿತಪಡಿಸಿಕೊಳ್ಳಿ. ಹರ್ಮನ್, ಸ್ಪರ್-ಥೈಡ್, ಮಾರ್ಜಿನೇಟೆಡ್ ಆಮೆಗಳನ್ನು ಇಲ್ಲಿ ಮಾರಬೇಕಾದರೆ ಆರ್ಟಿಕಲ್ 10 ಪ್ರಮಾಣಪತ್ರ ಇರಲೇಬೇಕು. ಅದರಲ್ಲಿ ಜಾತಿಯ ಹೆಸರು ಲ್ಯಾಟಿನ್‌ನಲ್ಲಿ ಬರೆದಿರುತ್ತದೆ, ಹುಡುಕಿ ನೋಡಿ. ಪತ್ರವೇ ಕೊಟ್ಟಿಲ್ಲ ಎಂದಾದರೆ ಮಾರಿದವರನ್ನು ಕೇಳಿ. ಹಾರ್ಸ್‌ಫೀಲ್ಡ್ ಆಮೆಗೆ ಆ ಪತ್ರದ ಅಗತ್ಯವಿಲ್ಲ. ಈ ನಾಲ್ಕು ಜಾತಿಗಳು ಮೆಡಿಟರೇನಿಯನ್ ಸುತ್ತಿನ ಮತ್ತು ಮಧ್ಯ ಏಷ್ಯಾದ ನೆಲದವು, ಹುಟ್ಟೂರಿನ ಚಳಿಗೆ ಮಣ್ಣಿನೊಳಗೆ ಹುದುಗಿ ಮಲಗುವುದು ಅವುಗಳ ರಕ್ತದಲ್ಲೇ ಇದೆ. ಆಫ್ರಿಕಾದ ಸಲ್ಕಾಟ ಮತ್ತು ಲೆಪರ್ಡ್ ಆಮೆ, ದಕ್ಷಿಣ ಅಮೆರಿಕದ ಕೆಂಪುಕಾಲಿನ ಆಮೆ, ನಮ್ಮ ನಕ್ಷತ್ರ ಆಮೆ ಇವು ಯಾವುವೂ ಚಳಿನಿದ್ದೆ ಮಾಡುವ ಜಾತಿಗಳಲ್ಲ. ಇವನ್ನು ತಣ್ಣಗೆ ಮಲಗಿಸಿದರೆ ಸಾಯಿಸಿದಂತೆ. ಇವಕ್ಕೆ ವರ್ಷವಿಡೀ ಕಾವು ಬೇಕು, ಬೇರೆ ಮಾತೇ ಇಲ್ಲ.

ಮಲಗುವ ಜಾತಿಯೇ ಆದರೂ, ಇದು ನಿಮ್ಮ ಮೊದಲ ಆಮೆ, ಅದರ ಮೊದಲ ಚಳಿಗಾಲ ಎಂದಾದರೆ, ನನ್ನ ಸಲಹೆ ಎಚ್ಚರವಾಗಿಡಿ ಎಂಬುದೇ. ಇದನ್ನು ಒಪ್ಪದ ಅನುಭವಸ್ಥರಿದ್ದಾರೆ. ಕಾಡಿನಲ್ಲಿ ಮರಿಗಳೂ ಮಲಗುತ್ತವಲ್ಲ ಎನ್ನುತ್ತಾರೆ, ಅದು ನಿಜವೇ. ಆದರೆ ಮೂವತ್ತು ನಲವತ್ತು ಗ್ರಾಂನ ಮರಿಯ ವಿಷಯದಲ್ಲಿ ಸಣ್ಣ ತಪ್ಪಿಗೂ ಜಾಗವಿಲ್ಲ, ಹೊಸಬರ ಕೈಯಲ್ಲಿ ಸಣ್ಣ ತಪ್ಪು ಆಗೇ ಆಗುತ್ತದೆ. ಒಂದು ವರ್ಷ ಅದರ ಜೊತೆ ಬಾಳಿ, ಅದರ ಹಸಿವು, ನಡಿಗೆ, ತೂಕ ನಿಮಗೆ ಪರಿಚಯವಾಗಲಿ. ಎರಡನೆಯ ಚಳಿಗಾಲಕ್ಕೆ, ವೈದ್ಯರು ಒಪ್ಪಿದರೆ, ಕೆಲವು ವಾರಗಳ ನಿದ್ದೆಗೆ ತಯಾರಿ ಮಾಡಿ.

ಎಚ್ಚರವಾಗಿಡುವುದು ಎಂದರೆ ಏನು? ಮರಿಯ ಪೆಟ್ಟಿಗೆಯ ಒಂದು ತುದಿಯಲ್ಲಿ, ಮೇಲಿನಿಂದ ಬೀಳುವ ದೀಪದ ಕೆಳಗೆ, ನೆಲದ ಮಟ್ಟದಲ್ಲಿ 30ರಿಂದ 35 ಡಿಗ್ರಿ ಇರಬೇಕು. ಇನ್ನೊಂದು ತುದಿ 20–22ಕ್ಕೆ ಇಳಿದಿರಬೇಕು. ಬೆಚ್ಚಗಾಗಬೇಕು ಅನ್ನಿಸಿದಾಗ ಇತ್ತ, ಸಾಕು ಅನ್ನಿಸಿದಾಗ ಅತ್ತ ಹೋಗುವ ಅವಕಾಶ ಅದಕ್ಕಿರಬೇಕು, ತನ್ನ ಮೈಯ ಕಾವನ್ನು ಅದು ಹೊಂದಿಸಿಕೊಳ್ಳುವುದೇ ಹೀಗೆ. ಇಡೀ ಪೆಟ್ಟಿಗೆ ಒಂದೇ ಸಮ ಬಿಸಿಯಾದರೆ ಅದೂ ಅಪಾಯ. ಗಾಜಿನ ತೊಟ್ಟಿಗಿಂತ ತೆರೆದ ಅಗಲವಾದ ಮರದ ಪೆಟ್ಟಿಗೆ ಮೇಲು, ಇಲ್ಲಿನವರು ಅದನ್ನು ಟಾರ್ಟಾಯ್ಸ್ ಟೇಬಲ್ ಎನ್ನುತ್ತಾರೆ. ಕೋಣೆಯೇ ತೀರಾ ತಣ್ಣಗಿದ್ದರೆ ಮಾತ್ರ ಮೇಲ್ಭಾಗವನ್ನು ಸ್ವಲ್ಪ ಮುಚ್ಚಿ. ದೀಪ ದಿನಕ್ಕೆ 12ರಿಂದ 14 ಗಂಟೆ ಉರಿಯಲಿ, ಅದಕ್ಕೊಂದು ಟೈಮರ್ ಹಾಕಿ. ಬೆಳಗ್ಗೆ ಆಫೀಸಿನ ಗಡಿಬಿಡಿಯಲ್ಲಿ ನೆನಪಿಟ್ಟು ಹಚ್ಚುತ್ತೇವೆ ಎಂದು ಭಾವಿಸಬೇಡಿ.

ರಾತ್ರಿ ದೀಪ ಆರಬೇಕು, ಕತ್ತಲು ಬೇಕು. ಆದರೆ ಕೋಣೆ 18 ಡಿಗ್ರಿಗಿಂತ ಕೆಳಗೆ ಇಳಿಯುವ ಮನೆಗಳಲ್ಲಿ ಬೆಳಕು ಬೀರದ ಸೆರಾಮಿಕ್ ಹೀಟರ್ ಒಂದನ್ನು ಥರ್ಮೋಸ್ಟ್ಯಾಟಿಗೆ ಜೋಡಿಸಿ ಹಾಕಿ. ಥರ್ಮೋಸ್ಟ್ಯಾಟ್ ಇಲ್ಲದೆ ಅದನ್ನು ಎಂದೂ ಬಳಸಬೇಡಿ. ದೀಪಗಳನ್ನು ಬರೀ ಕ್ಲಿಪ್ಪಿನಿಂದ ಸಿಕ್ಕಿಸದೆ ಸರಪಳಿಯಿಂದ ತೂಗುಹಾಕಿ. ಒಣಹುಲ್ಲಿನ ಮೇಲೆ ಬಿಸಿ ಬಲ್ಬು ಬಿದ್ದರೆ ಮನೆಗೇ ಬೆಂಕಿ. ಖರ್ಚಿನ ಲೆಕ್ಕ ಕೇಳುವವರಿಗೆ: 100 ವಾಟಿನ ದೀಪ 14 ಗಂಟೆ ಉರಿದರೆ 1.4 ಯೂನಿಟ್. ಅದರ ಮೇಲೆ ರಾತ್ರಿಯ ಹೀಟರು, ಯುವಿಬಿ ಟ್ಯೂಬು. ಈ ಖರ್ಚು ಐದು ತಿಂಗಳು ತಪ್ಪದು. ಇದನ್ನು ಭರಿಸಲಾಗದು ಅನ್ನಿಸಿದರೆ ಆಮೆಯನ್ನು ಈಗಲೇ ಅನುಭವವಿರುವ ಇನ್ನೊಂದು ಮನೆಗೆ ಒಪ್ಪಿಸಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹರ್ಮನ್, ಸ್ಪರ್-ಥೈಡ್, ಮಾರ್ಜಿನೇಟೆಡ್ ಆಗಿದ್ದರೆ ಪ್ರಮಾಣಪತ್ರವೂ ಅದರ ಜೊತೆಗೇ ಹೋಗಲಿ.

ಮರಿಯನ್ನು ಕೆಳಗಿನಿಂದ ಕಾಯಿಸಬೇಡಿ. ಬಿಸಿಗಲ್ಲು, ಹೀಟ್ ಮ್ಯಾಟ್ ಎಂದು ಏನೇನೋ ಮಾರುತ್ತಾರೆ. ಆಮೆಗೆ ಬಿಸಿಯೆಂದರೆ ಆಕಾಶದಿಂದ ಬರುವಂಥದ್ದು, ನೆಲ ಅಗೆದರೆ ತಂಪು ಸಿಗಬೇಕು. ಬಿಸಿಯಾಯಿತೆಂದು ಕೆಳಕ್ಕೆ ಅಗೆಯುವ ಮರಿ ಇನ್ನೂ ಬಿಸಿಯಾದ ಮ್ಯಾಟಿನ ಮೇಲೆ ಹೋಗಿ ಕೂತರೆ ಹೊಟ್ಟೆಚಿಪ್ಪು ಸುಡುತ್ತದೆ.

ಇನ್ನು ಯುವಿಬಿ. ಇದನ್ನು ಬಿಟ್ಟರೂ ನಡೆಯುತ್ತದೆ ಎಂದುಕೊಂಡಿರುವವರು ದಯವಿಟ್ಟು ಗಮನವಿಟ್ಟು ಓದಿ. ಸೂರ್ಯನ ಬೆಳಕಿನ ಈ ಅಂಶದಿಂದಲೇ ಆಮೆ ತನ್ನ ಚರ್ಮದಲ್ಲಿ ಡಿ3 ವಿಟಮಿನ್ ತಯಾರಿಸಿಕೊಳ್ಳುತ್ತದೆ. ಅದಿಲ್ಲದಿದ್ದರೆ ಎಷ್ಟೇ ಸುಣ್ಣದಂಶ ತಿನ್ನಿಸಿದರೂ ಮೈಗೆ ಹತ್ತದು, ಚಿಪ್ಪು ಮೆದುವಾಗುತ್ತದೆ, ಮೂಳೆ ಸೊಟ್ಟಗಾಗುತ್ತದೆ, ಕಾಲೆತ್ತಿ ನಡೆಯಲಾರದೆ ಹೊಟ್ಟೆ ಎಳೆಯುತ್ತದೆ. ಡಿಸೆಂಬರ್ 21ರ ನಡುಹಗಲಿನಲ್ಲಿ ಬೆಂಗಳೂರಿನ ಸೂರ್ಯ ದಿಗಂತದಿಂದ 53 ಡಿಗ್ರಿಗೂ ಮೇಲೇರಿರುತ್ತಾನೆ, ಲಂಡನ್ನಿನಲ್ಲಿ ಸುಮಾರು 15 ಡಿಗ್ರಿಗೇ ನಿಲ್ಲುತ್ತಾನೆ. ಹಗಲು ಇರುವುದೂ ಎಂಟು ಗಂಟೆಗಿಂತ ಕಡಿಮೆ. ಅಷ್ಟು ಓರೆಯಾಗಿ ಬರುವ ಬಿಸಿಲಿನಲ್ಲಿ ಯುವಿಬಿ ಇಲ್ಲವೆನ್ನುವಷ್ಟು ಕಡಿಮೆ, ಕಿಟಕಿಯ ಗಾಜು ಉಳಿದದ್ದನ್ನೂ ತಡೆಯುತ್ತದೆ. ಕಿಟಕಿಯ ಬಳಿ ಬಿಸಿಲು ಕಾಯಿಸುವುದರಿಂದ ನಮ್ಮ ಮನಸ್ಸಿಗೆ ಹಿತ, ಮರಿಗೆ ಲಾಭವಿಲ್ಲ. ಟಿ5 ಯುವಿಬಿ ಟ್ಯೂಬು ಹಾಕಿ, ಡಬ್ಬಿಯ ಮೇಲೆ ಹೇಳಿದ ಎತ್ತರದಲ್ಲಿ ಹಾಕಿ, ಹಾಕಿದ ತಾರೀಖನ್ನು ಅದರ ತುದಿಯಲ್ಲಿ ಬರೆದಿಡಿ. ಟ್ಯೂಬು ಬೆಳಗುತ್ತಲೇ ಇರುತ್ತದೆ, ಆದರೆ ಕಣ್ಣಿಗೆ ಕಾಣದ ಯುವಿಬಿ ತಿಂಗಳು ಕಳೆದಂತೆ ಕುಂದುತ್ತದೆ. ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು.

ದೀಪ ಉರಿದಷ್ಟೂ ಪೆಟ್ಟಿಗೆ ಒಣಗುತ್ತದೆ, ಸೆಂಟ್ರಲ್ ಹೀಟಿಂಗ್ ಅದನ್ನು ಇನ್ನೂ ಒಣಗಿಸುತ್ತದೆ. ಚಿಪ್ಪಿನ ಮೇಲೆ ಗೋಪುರ ಗೋಪುರವಾಗಿ ಉಬ್ಬು ಬಂದ ಆಮೆಗಳನ್ನು ನೋಡಿರುತ್ತೀರಿ. ಹೆಚ್ಚು ತಿನ್ನಿಸಿದ್ದೇ ಕಾರಣ ಎಂದು ಬಹುಕಾಲ ನಂಬಿದ್ದರು. ವಿಯೆನ್ನಾದ ಇಬ್ಬರು ಸಂಶೋಧಕರು ಸಲ್ಕಾಟ ಮರಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ, ಆಹಾರದ ಪ್ರೋಟೀನಿಗಿಂತ ಒಣಹವೆಯೇ ಅದಕ್ಕೆ ದೊಡ್ಡ ಕಾರಣ ಎಂದು ತೋರಿಸಿತು. ಗೊಬ್ಬರ ಬೆರೆಸದ ಮಣ್ಣಿಗೆ ಮಕ್ಕಳ ಆಟದ ಮರಳು ಬೆರೆಸಿ, ಮರಿ ಮೈಮುಚ್ಚುವಷ್ಟು ಆಳಕ್ಕೆ ಹಾಕಿ, ಒಂದು ಮೂಲೆಯ ಮಣ್ಣನ್ನು ಸದಾ ತೇವವಾಗಿಡಿ, ಅಲ್ಲೊಂದು ಗೂಡು ಮಾಡಿಕೊಡಿ. ಜೊತೆಗೆ ದಿನವೂ ಸ್ನಾನ. ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು, ಮೇಲಿನ ಚಿಪ್ಪು ಕೆಳಗಿನ ಚಿಪ್ಪಿಗೆ ಕೂಡುವ ಗೆರೆಯಷ್ಟೇ ಎತ್ತರ, ತಲೆ ಸದಾ ನೀರಿನ ಮೇಲಿರಬೇಕು, ಹದಿನೈದು ನಿಮಿಷ. ಅಲ್ಲೇ ಕುಡಿಯುತ್ತದೆ, ಅಲ್ಲೇ ವಿಸರ್ಜಿಸುತ್ತದೆ. ಒರೆಸಿ ನೇರ ದೀಪದ ಕೆಳಗೆ ಬಿಡಿ. ಈ ತಟ್ಟೆ ಅಡುಗೆಮನೆಯ ಸಿಂಕಿಗೆ ಬರಬಾರದು. ಆಮೆಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಇರಬಹುದು, ಮುಟ್ಟಿದ ಮಕ್ಕಳು ಸೋಪು ಹಾಕಿ ಕೈ ತೊಳೆಯಲೇಬೇಕು.

ಊಟದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ತಪ್ಪುಗಳಾಗುತ್ತವೆ. ಊರಿಂದ ಬಂದ ಅಜ್ಜಿ ಬಾಳೆಹಣ್ಣಿನ ತುಂಡು ಕೊಡುತ್ತಾರೆ, ತಾತ ಮೊಸರನ್ನದ ಅಗುಳು ಹಾಕುತ್ತಾರೆ. ಈ ಮರಿಗಳಿಗೆ ಹಣ್ಣು, ಅನ್ನ, ಬೇಳೆ, ಕಾಳು ಯಾವುದೂ ಬೇಡ. ಪಾಲಕ್ ಸೊಪ್ಪು ಸುಣ್ಣದಂಶವನ್ನು ಮೈಗೆ ಸೇರಗೊಡುವುದಿಲ್ಲ. ಡ್ಯಾಂಡಿಲಿಯನ್, ಪ್ಲಾಂಟೇನ್, ಸೋ ಥಿಸಲ್ ಎಂಬ ಕಳೆಗಳೇ ಅವುಗಳ ನಿಜವಾದ ಊಟ, ನವೆಂಬರಿನಲ್ಲೂ ಹಿತ್ತಲಿನ ಬೇಲಿಯಂಚಿನಲ್ಲಿ ಸಿಗುತ್ತವೆ. ಹಿಮ ಬಿದ್ದ ಮೇಲೆ ಸೂಪರ್‌ಮಾರ್ಕೆಟಿನ ಲ್ಯಾಂಬ್ಸ್ ಲೆಟಿಸ್, ವಾಟರ್‌ಕ್ರೆಸ್. ಸೆಪ್ಟೆಂಬರಿನಲ್ಲೇ ಕುಂಡದಲ್ಲಿ ಬೀಜ ಚೆಲ್ಲಿ ಕಿಟಕಿಯ ಬಳಿ ಇಟ್ಟಿದ್ದರೆ ಇನ್ನೂ ಒಳ್ಳೆಯದು. ಪೂಜೆಗೆಂದು ಮನೆಯೊಳಗೆ ದಾಸವಾಳ ಬೆಳೆಸಿರುವವರಿಗೆ ಸಂತೋಷದ ಸುದ್ದಿ: ಔಷಧಿ ಹೊಡೆಯದ ದಾಸವಾಳದ ಎಲೆ, ಹೂವು ಎರಡೂ ಮರಿಗೆ ಬಲು ಇಷ್ಟ, ಒಳ್ಳೆಯದೂ ಹೌದು. ಮುಳ್ಳು ತೆಗೆದ ಪಾಪಾಸುಕಳ್ಳಿಯೂ ಆಗುತ್ತದೆ. ಸೊಪ್ಪಿನ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ, ಕಡಿಯಲು ಒಂದು ಕಟಲ್‌ಫಿಶ್ ಮೂಳೆ ಹಾಕಿಡಿ.

ಇನ್ನು ಮಲಗಿಸುವ ದಾರಿ. ಹಳೆಯ ಕಾಲದ ಇಂಗ್ಲಿಷರ ಮನೆಗಳಲ್ಲಿ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಆಮೆಯನ್ನಿಟ್ಟು ಗ್ಯಾರೇಜಿನಲ್ಲಿ ಬಿಡುತ್ತಿದ್ದರು. ಪಕ್ಕದ ಮನೆಯ ಹಿರಿಯರು ನಿಮಗೂ ಅದನ್ನೇ ಹೇಳಿಯಾರು, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕೇಳಬೇಡಿ. 1984ರಲ್ಲಿ ಯುರೋಪಿನ ಕಾನೂನು ತಡೆಯುವವರೆಗೂ ಮೊರಾಕೊ, ಟರ್ಕಿಗಳಂಥ ಕಡೆಯಿಂದ ಕಾಡಿನ ಆಮೆಗಳು ಲಕ್ಷಗಟ್ಟಲೆ ಬ್ರಿಟನ್ನಿಗೆ ಬರುತ್ತಿದ್ದವು. ಅವುಗಳಲ್ಲಿ ಬಹಳಷ್ಟು ಇಲ್ಲಿನ ಮೊದಲ ಚಳಿಗಾಲವನ್ನೇ ದಾಟಲಿಲ್ಲ. ಗ್ಯಾರೇಜು ಒಂದು ವಾರ 12 ಡಿಗ್ರಿಯಾದರೆ ಮರುವಾರ ಶೂನ್ಯಕ್ಕಿಳಿಯುತ್ತದೆ. ಹಿಮಗಟ್ಟುವ ಚಳಿ ತಾಗಿದರೆ ಆಮೆಯ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. 10 ದಾಟಿದರೆ ಎಚ್ಚರಾಗಿ ಉಳಿತಾಯ ಕರಗಿಸುತ್ತದೆ.

ಆದ್ದರಿಂದಲೇ ಈಗಿನವರು ಫ್ರಿಜ್ಜನ್ನು ಆರಿಸಿಕೊಂಡರು. ಕೇಳಿದವರಿಗೆ ಗಾಬರಿಯಾಗುತ್ತದೆ, ನನ್ನ ಅತ್ತೆಯವರಂತೂ ಪಾಪ ಬರುತ್ತದೆ ಎಂದೇ ಹೇಳಿದ್ದರು. ಆದರೆ ಮಣ್ಣಿನಾಳದ ಆ ಸ್ಥಿರವಾದ ತಂಪನ್ನು ಈ ದೇಶದ ಮನೆಯೊಳಗೆ ನಂಬಿಕೆಯಿಂದ ಕೊಡಬಲ್ಲ ಸಾಧನ ಇದೊಂದೇ. ಊಟದ ಫ್ರಿಜ್ಜು ಬೇಡ, ಬೇರೆಯದೊಂದು ಬೇಕು. ಎರಡು ವಾರ ಮೊದಲೇ ಅದನ್ನು ಓಡಿಸಿ, ಒಳಗೆ ನೀರಿನ ಬಾಟಲಿಗಳನ್ನು ತುಂಬಿಡಿ, ಅವು ಉಷ್ಣತೆಯನ್ನು ಏರುಪೇರಾಗದಂತೆ ಹಿಡಿಯುತ್ತವೆ. ಗರಿಷ್ಠ ಕನಿಷ್ಠ ಎರಡನ್ನೂ ತೋರಿಸುವ ಥರ್ಮಾಮೀಟರಿನ ತುದಿ ಆಮೆಯ ಪೆಟ್ಟಿಗೆಯೊಳಗೇ ಇರಲಿ. ಗುರಿ 5 ಡಿಗ್ರಿ, 3ಕ್ಕಿಂತ ಕೆಳಗಿಳಿಯಬಾರದು, 7 ದಾಟಬಾರದು. ಪೆಟ್ಟಿಗೆಗೆ ಗಾಳಿಯ ತೂತುಗಳಿರಲಿ, ಹಿಂಬದಿಯ ತಣ್ಣನೆಯ ಗೋಡೆಗೆ ತಾಗದಿರಲಿ, ಗಾಳಿಗಾಗಿ ದಿನಕ್ಕೊಮ್ಮೆ ಬಾಗಿಲು ತೆರೆದು ಮುಚ್ಚಿ.

ಇದಕ್ಕೂ ಮೊದಲು ವೈದ್ಯರ ತಪಾಸಣೆ ಆಗಿರಬೇಕು, ಸುಮಾರು ಆರು ವಾರ ಮುಂಚೆ. ಸರೀಸೃಪಗಳನ್ನು ನೋಡಿ ಅಭ್ಯಾಸವಿರುವ ವೈದ್ಯರೇ ಆಗಬೇಕು. ಜಂತುಹುಳಕ್ಕೆ ಔಷಧಿ ಕೊಡುವಾಗ ಐವರ್‌ಮೆಕ್ಟಿನ್ ಎಂಬ ಹೆಸರು ಕಿವಿಗೆ ಬಿದ್ದರೆ ಅಲ್ಲೇ ತಡೆಯಿರಿ. ನಾಯಿಗೆ, ದನಕ್ಕೆ ಕೊಡುವ ಆ ಔಷಧಿ ಆಮೆಯನ್ನು ಕೊಲ್ಲುತ್ತದೆ. ಕಾಯಿಲೆಯಿರುವ, ತೂಕ ಸಾಲದ ಮರಿಯನ್ನು ಮಲಗಿಸಲೇಬಾರದು. ಡಾ. ಆಲಿಫಂಟ್ ಜಾಕ್ಸನ್ ಅವರು ಚಿಪ್ಪಿನ ಉದ್ದಕ್ಕೂ ತೂಕಕ್ಕೂ ಹಾಕಿಕೊಟ್ಟ ಲೆಕ್ಕಪಟ್ಟಿಯನ್ನು ಯಾರಾದರೂ ಕೊಟ್ಟರೆ, ಅದು ಬೆಳೆದ ಹರ್ಮನ್ ಮತ್ತು ಸ್ಪರ್-ಥೈಡ್ ಆಮೆಗಳಿಗೆ ಮಾಡಿದ್ದು ಎಂಬುದು ನೆನಪಿರಲಿ, ಮರಿಗೂ ಹಾರ್ಸ್‌ಫೀಲ್ಡಿಗೂ ಅದು ಹೊಂದುವುದಿಲ್ಲ.

ಮಲಗಿಸುವ ಮುನ್ನ ಹೊಟ್ಟೆ ಖಾಲಿಯಾಗಿರಬೇಕು. ಮರಿಗಾದರೆ ಒಂದೆರಡು ವಾರ ಊಟ ನಿಲ್ಲಿಸಿ, ಕಾವು ಮಾತ್ರ ಹಾಗೆಯೇ ಮುಂದುವರಿಸಿ, ದಿನವೂ ಸ್ನಾನ ಮಾಡಿಸಿ. ಕರುಳು ಖಾಲಿಯಾಗಲು ಕಾವು ಬೇಕು, ಮೈಯಲ್ಲಿ ನೀರು ತುಂಬಲು ಸ್ನಾನ ಬೇಕು. ಆಮೇಲೆ ದಿನದಿನಕ್ಕೆ ದೀಪದ ಹೊತ್ತು ಕಡಿಮೆ ಮಾಡುತ್ತ, ತಂಪಾದ ಕೋಣೆಗೆ ಸರಿಸುತ್ತ, ಕೊನೆಗೆ ಫ್ರಿಜ್ಜಿಗೆ. ಮೊದಲ ಸಲಕ್ಕೆ ಮೂರು ನಾಲ್ಕು ವಾರ ಸಾಕು. ವರ್ಷ ಹೋದಂತೆ ಹೆಚ್ಚಿಸಬಹುದು.

ಫ್ರಿಜ್ಜಿಗೆ ಹೋಗುವ ದಿನ ತೂಗಿ ಬರೆದುಕೊಳ್ಳಿ, ಆಮೇಲೆ ವಾರಕ್ಕೊಮ್ಮೆ ತೂಗಿ. ಮೊದಲ ತೂಕದ ಹತ್ತನೆಯ ಒಂದು ಭಾಗ ಇಳಿಯುವ ಸೂಚನೆ ಕಂಡರೆ ಎಬ್ಬಿಸಿ. ಪೆಟ್ಟಿಗೆಯಲ್ಲಿ ಉಚ್ಚೆಯ ಒದ್ದೆ ಕಂಡರೆ ಅದೇ ದಿನ ಎಬ್ಬಿಸಿ. ಮೈಯ ನೀರಿನ ದಾಸ್ತಾನು ಖಾಲಿಯಾಯಿತು ಎಂದರ್ಥ, ಹಾಗೇ ಬಿಟ್ಟರೆ ಒಣಗಿ ಸಾಯುತ್ತದೆ. ಒಮ್ಮೆ ಎಬ್ಬಿಸಿದ ಮೇಲೆ ಆ ವರ್ಷ ಮತ್ತೆ ಮಲಗಿಸಬಾರದು. ಕೋಣೆಯ ಕಾವಿಗೆ ಕೆಲವು ಗಂಟೆ ಹೊಂದಿಕೊಳ್ಳಲಿ, ನಂತರ ಸ್ನಾನ, ನಂತರ ದೀಪ. ಮೊದಲು ಕುಡಿಯಬೇಕು, ಒಂದೆರಡು ದಿನದಲ್ಲಿ ಬಾಯಿ ಆಡಿಸಬೇಕು. ವಾರವಾದರೂ ತಿನ್ನದಿದ್ದರೆ ವೈದ್ಯರ ಬಳಿ ಹೋಗಿ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೇ ಇನ್ನೊಂದು ತಂದು ಆಮೆಗೆಂದೇ ಮೀಸಲಿಡಿ, ಜೊತೆಗೊಂದು ನೋಟ್‌ಬುಕ್ಕು. ಹ್ಯಾಂಪ್‌ಷೈರಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1780ರ ಮಾರ್ಚಿನಲ್ಲಿ ತನ್ನ ಸೋದರತ್ತೆಯ ಆಮೆಯನ್ನು ಸಸೆಕ್ಸಿನ ಮಣ್ಣಿನಿಂದ, ಅದಿನ್ನೂ ಮಲಗಿದ್ದಾಗಲೇ, ಅಗೆದು ತಂದ. ಅದರ ಹೆಸರು ತಿಮೋತಿ. ಅದು ಯಾವಾಗ ನೆಲ ಸೇರಿತು, ಯಾವಾಗ ಎದ್ದಿತು, ಎಷ್ಟು ತೂಗಿತು ಎಂದು ವರ್ಷ ವರ್ಷವೂ ಬರೆದಿಟ್ಟ. ತಿಮೋತಿ ಹೆಣ್ಣು ಎಂಬುದು ಗೊತ್ತಾದದ್ದು ಅದು ಸತ್ತಮೇಲೆ, ಚಿಪ್ಪನ್ನು ಪರೀಕ್ಷಿಸಿದಾಗ. ಆ ಚಿಪ್ಪು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಒಂದೊಂದು ದಿನ ನೋಡಿದರೆ ತಿಳಿಯದ ಎಷ್ಟೋ ಸಂಗತಿ ಸಾಲಾಗಿ ಬರೆದ ಅಂಕಿಗಳಲ್ಲಿ ಕಾಣುತ್ತದೆ. ವೈದ್ಯರ ಮುಂದೆ "ಸ್ವಲ್ಪ ಇಳಿದಿದೆ ಅನ್ಸುತ್ತೆ" ಎನ್ನುವುದಕ್ಕೂ ಆರು ವಾರದ ತೂಕದ ಪಟ್ಟಿ ಇಡುವುದಕ್ಕೂ ಬಹಳ ಅಂತರವಿದೆ.

ಕಾಯಿಲೆಯ ಲಕ್ಷಣಗಳು ಆಮೆಯಲ್ಲಿ ತಡವಾಗಿ ಕಾಣುತ್ತವೆ. ನಮ್ಮಂತೆ ಕೆಮ್ಮಿ ಕಫ ಹೊರಹಾಕುವ ಶಕ್ತಿ ಅದಕ್ಕಿಲ್ಲ, ಎದೆಯಲ್ಲಿ ಸೇರಿದ್ದು ಅಲ್ಲೇ ಉಳಿಯುತ್ತದೆ. ಮೂಗು ಸೋರುವುದು, ಮೂಗಿನಲ್ಲಿ ಗುಳ್ಳೆ, ಕತ್ತು ಚಾಚಿ ಬಾಯಿ ತೆರೆದು ಉಸಿರಾಡುವುದು, ಕಣ್ಣು ಊದುವುದು, ಬೆಚ್ಚಗಿದ್ದರೂ ದಿನಗಟ್ಟಲೆ ತಿನ್ನದಿರುವುದು ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಅರಿಸಿನ, ಕಷಾಯ, ಬೇರೆ ಯಾವ ಮನೆಮದ್ದೂ ಬೇಡ. ಕಾವು ಸರಿಯಾಗಿದೆಯೇ ನೋಡಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ವೈದ್ಯರ ಬಳಿ ಒಯ್ಯಿರಿ.

ಡಿಸೆಂಬರಿನಲ್ಲಿ ನಮ್ಮಲ್ಲಿ ಅರ್ಧ ಜನ ಊರಿಗೆ ಹೊರಡುತ್ತೇವೆ. ಮದುವೆ, ನಾಮಕರಣ, ಅಪ್ಪ ಅಮ್ಮನನ್ನು ನೋಡುವ ತವಕ. ಟಿಕೆಟ್ಟು ಬುಕ್ ಮಾಡುವ ದಿನವೇ ಆಮೆಯ ವ್ಯವಸ್ಥೆಯೂ ಆಗಬೇಕು. "ಫ್ರಿಜ್ಜಿನಲ್ಲಿ ಮಲಗಿಸಿ ಹೋದರೆ ಯಾರ ಹಂಗೂ ಇಲ್ಲ" ಎಂದು ಒಬ್ಬರು ಕೇಳಿದ್ದರು. ಅದು ಸಾಧ್ಯವೇ ಇಲ್ಲ. ತೂಗುವವರು, ಬಾಗಿಲು ತೆರೆಯುವವರು, ಕರೆಂಟು ಹೋದರೆ ನೋಡುವವರು ಯಾರು? ಎಚ್ಚರವಿರುವ ಮರಿಯನ್ನೂ ಎರಡು ದಿನಕ್ಕೊಮ್ಮೆ ಸೊಪ್ಪು ಹಾಕಿ ಹೋಗುವ ಪಕ್ಕದ ಮನೆಯವರ ಮೇಲೆ ಬಿಡಬೇಡಿ. ಆಮೆ ಸಾಕಿ ಗೊತ್ತಿರುವವರ ಮನೆಗೆ, ದೀಪ, ಟೈಮರು, ನೋಟ್‌ಬುಕ್ಕು ಎಲ್ಲದರ ಸಮೇತ ಕೊಟ್ಟು ಹೋಗಿ, ಹೊರಡುವ ಎರಡು ವಾರ ಮೊದಲೇ ಕೊಡಿ. ನಮ್ಮ ನಮ್ಮಲ್ಲೇ ಇಂಥ ಏರ್ಪಾಡು ಮಾಡಿಕೊಳ್ಳಬಹುದು. ಯಾರು ಯಾವ ವಾರ ಇಲ್ಲೇ ಇರುತ್ತಾರೆ ಎಂದು ದೀಪಾವಳಿಯ ಕೂಟದಲ್ಲಿ ಮಾತಾಡಿಕೊಂಡರೆ ಸಾಕು. ಬ್ರಿಟಿಷ್ ಕೆಲೋನಿಯಾ ಗ್ರೂಪಿನಂಥ ಸಂಘಗಳಲ್ಲಿ ಅನುಭವಿಗಳಿದ್ದಾರೆ, ಸದಸ್ಯರಾಗಿ. ಈ ದೇಶದ ಕಾನೂನಿನಲ್ಲಿ 16 ತುಂಬದ ಮಕ್ಕಳಿಗೆ ಪ್ರಾಣಿ ಮಾರುವಂತಿಲ್ಲ, ಮಕ್ಕಳ ಪ್ರಾಣಿಯ ಹೊಣೆ ಹೆತ್ತವರದೇ. ಹೆಸರಿಟ್ಟದ್ದು ಮಗಳಾದರೂ 2006ರ ಅನಿಮಲ್ ವೆಲ್‌ಫೇರ್ ಕಾಯಿದೆ ಪ್ರಶ್ನೆ ಕೇಳುವುದು ನಿಮ್ಮನ್ನು.

ಊರಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ರಜೆಗೆ ಹೋದಾಗ ಯಾರೋ ನಕ್ಷತ್ರ ಆಮೆಯನ್ನು ತೋರಿಸಿ, ಮನೆಯಲ್ಲಿದ್ದರೆ ಅದೃಷ್ಟ ಎನ್ನುತ್ತಾರೆ. ಕೋಲಾರದ ಕಡೆಯ ಕುರುಚಲು ಕಾಡು, ಆಂಧ್ರದ ಗಡಿಯ ಒಣನೆಲಗಳಿಂದ ಆ ಮರಿಗಳನ್ನು ಹೆಕ್ಕಿ ಚೀಲಗಳಲ್ಲಿ ತುಂಬಿ ಸಾಗಿಸುವ ಜಾಲವಿದೆ. ಭಾರತದಲ್ಲಿ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಡುವುದು ಎಲ್ಲವೂ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. 2019ರಲ್ಲಿ ಅದು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲ ಅನುಬಂಧಕ್ಕೂ, ಅಂದರೆ ನಿಷೇಧದ ಪಟ್ಟಿಗೂ, ಸೇರಿತು. 2018ರ ನವೆಂಬರಿನಲ್ಲಿ 51 ನಕ್ಷತ್ರ ಆಮೆಗಳು ಸಿಂಗಾಪುರದಿಂದ ವಿಮಾನದಲ್ಲಿ ಕರ್ನಾಟಕಕ್ಕೆ ಮರಳಿದವು. ಅಷ್ಟು ದೂರ ಹೋದವುಗಳಲ್ಲಿ ಮರಳಿ ಬರುವುದು ಬೆರಳೆಣಿಕೆಯವು. ಚಳಿನಿದ್ದೆಯೇ ಗೊತ್ತಿಲ್ಲದ ಆ ಪ್ರಾಣಿಯನ್ನು ಈ ಕತ್ತಲಿನ ಚಳಿಗೆ ತರುವ ಯೋಚನೆಯೂ ಯಾರಿಗೂ ಬಾರದಿರಲಿ. ಮಕ್ಕಳಿಗೆ ಅದನ್ನು ತೋರಿಸಬೇಕೆಂದಿದ್ದರೆ ಬನ್ನೇರುಘಟ್ಟಕ್ಕೆ ಕರೆದೊಯ್ಯಿರಿ.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ಈ ಪತ್ರ ಓದಿದ ಸಂಜೆಯೇ ಮರಿಯ ಪೆಟ್ಟಿಗೆಯಲ್ಲಿ ಥರ್ಮಾಮೀಟರ್ ಇಡಿ, ದೀಪದ ಕೆಳಗೊಂದು, ತಂಪಿನ ತುದಿಯಲ್ಲೊಂದು. ಬೆಳಗಿನ ಜಾವ ಐದಕ್ಕೆ ಎದ್ದು ಅವು ತೋರಿಸುವ ಅಂಕಿಗಳನ್ನು ಬರೆದುಕೊಳ್ಳಿ. ಯಾವುದಾದರೂ 18ಕ್ಕಿಂತ ಕಡಿಮೆಯಿದ್ದರೆ ಹೀಟರು, ಥರ್ಮೋಸ್ಟ್ಯಾಟು ಈ ವಾರಾಂತ್ಯದೊಳಗೆ ಬರಲಿ. ಮರಿಯನ್ನು ತೂಗಿ. ಸರೀಸೃಪ ವೈದ್ಯರ ಫೋನ್ ನಂಬರನ್ನು, ಅಗತ್ಯ ಬೀಳುವ ಮೊದಲೇ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ನಿಮಗೆ ಗೊತ್ತಿರುವ ಇನ್ನೊಂದು ಮನೆಯಲ್ಲಿ ಆಮೆ ಮರಿಯಿದ್ದರೆ ಇವತ್ತೇ ಅವರಿಗೂ ಹೇಳಿ. ನವೆಂಬರಿನ ಮೊದಲ ಶೀತ ರಾತ್ರಿ ಯಾರಿಗಾಗಿಯೂ ಕಾಯುವುದಿಲ್ಲ.

ಇಂತಿ ನಿಮ್ಮ,
ಆಮೆಗಳ ಜೊತೆ ಬಾಳುತ್ತಿರುವ ಒಬ್ಬ ಕನ್ನಡತಿ